ಎರಡನೇ ಭಾಗ ಮೇಲಿನ ಮನೆಯಲ್ಲಿದೆ

ನಮ್ಮ ಮಾವನಿಗೆ ಬುದ್ಧಿ ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದದ್ದನ್ನೆಲ್ಲ ಬಸ್ಸಿನಲ್ಲೇ ಮರೆತು ಇಳಿದುಬಂದಿದ್ದಾನೆ, ಅಷ್ಟೇ. ಅಮ್ಮನ ತಮ್ಮ ಅವನು, ಸರ್ವಿಸ್ ಪೂರ್ತಿ ಕಂಡಕ್ಟರ್ ಆಗಿದ್ದವನು. ಅಮ್ಮ ತೀರಿಕೊಂಡ ಮೇಲೆ ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡದ ಹಾಗಾದಾಗ, ಪಾಲು ಮಾಡಿಕೊಡು ಮಾರಾಯ ಅಂತ ಅವನನ್ನೇ ಕರೆಸಿದ್ದು. ಮನೆಯ ಪಾಲು ಸುಲಭವಾಗಿತ್ತು. ಮೇಲಿನದು ಅಕ್ಕನಿಗೆ, ಕೆಳಗಿನದು ನನಗೆ. ತಾಪತ್ರಯ ಶುರುವಾದದ್ದು ಅಮ್ಮನ ಪುಸ್ತಕಗಳಿಂದ.

ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಬಾಡಿಗೆ ಲೈಬ್ರರಿ ನಡೆಸುತ್ತಿದ್ದಳು. ಬರೀ ಕಥೆ, ಕಾದಂಬರಿ. ಪರೀಕ್ಷೆಗೆ ಓದೋ ಪುಸ್ತಕ, ತೂಕ ಇಳಿಸೋ ಪುಸ್ತಕ ಕೇಳಿಕೊಂಡು ಬಂದವರನ್ನು ಹೊಸ್ತಿಲಿನಿಂದಲೇ ವಾಪಸ್ ಕಳಿಸುತ್ತಿದ್ದಳು. ಅವಳಿಗೆ ಒಂದು ವಿಚಿತ್ರ ಪದ್ಧತಿ ಇತ್ತು. ಯಾವ ಕಾದಂಬರಿ ಬರಲಿ, ದಪ್ಪಗಿರಲಿ ತೆಳ್ಳಗಿರಲಿ, ಮೊದಲು ತಾನು ಓದುವುದು, ಆಮೇಲೆ ಬೈಂಡಿಂಗ್ ಚಾಕು ತಗೊಂಡು ನಡುವೆ ಸರಿಯಾಗಿ ಎರಡು ಹೋಳು ಮಾಡುವುದು. ಎರಡಕ್ಕೂ ಬೇರೆ ಬೇರೆ ರಟ್ಟು ಹಾಕಿ, ಬೆನ್ನ ಮೇಲೆ ಒಂದು, ಎರಡು ಅಂತ ಬರೆದು ಪಕ್ಕಪಕ್ಕ ನಿಲ್ಲಿಸುವುದು. ನೋಡಿದವರು ಎದೆ ಹಿಡಿದುಕೊಳ್ಳುತ್ತಿದ್ದರು. ಅಮ್ಮ ಕ್ಯಾರೇ ಅನ್ನುತ್ತಿರಲಿಲ್ಲ.

ಅವಳಿಗೆ ಅದು ಜನರ ನಾಡಿ ಹಿಡಿಯುವ ಉಪಾಯ. ಹೊಸಬರು ಬಂದು "ಏನಾದರೂ ಒಳ್ಳೇದು ಕೊಡಿ" ಅಂದರೆ, ಅವರ ಕೈಗೆ ಎರಡು ಮೊದಲ ಭಾಗ ಇಡುತ್ತಿದ್ದಳು. ಒಂದು ಹಳೇದು, ಬರೆದವನು ಸತ್ತು ಮಣ್ಣಾಗಿ ಎಷ್ಟೋ ಕಾಲ ಆದದ್ದು. ಇನ್ನೊಂದು ಹೊಸದು, ಮುಟ್ಟಿದರೆ ಶಾಯಿ ಕೈಗೆ ಹತ್ತುತ್ತದೋ ಅನ್ನುವಂಥದ್ದು. ಯಾವುದರ ಎರಡನೇ ಭಾಗ ಕೇಳಿಕೊಂಡು ಓಡಿ ಬರುತ್ತಾರೋ ಅದೇ ಅವರ ದಾರಿ. ಆ ದಾರಿಯಲ್ಲೇ ಇನ್ನೊಂದು ಜೋಡಿ ಕೊಡುವುದು. ಎರಡನ್ನೂ ಕೇಳದಿದ್ದರೆ ಬೇರೆ ಜೋಡಿ. ನಮ್ಮ ಬೀದಿಯ ಹಲ್ಲಿನ ಡಾಕ್ಟರು, "ನನಗೆ ಕೊಲೆ ಇಲ್ಲದಿದ್ದರೆ ಪುಟ ತಿರುಗಲ್ಲ" ಅಂತ ಬಂದವರು, ಅಜ್ಜಿಯೊಬ್ಬಳು ಮನೆಯವರ ಜೊತೆ ಮಾತು ಬಿಟ್ಟು ಕೂರುವ ಹಳೇ ಕಾದಂಬರಿಯ ಎರಡನೇ ಭಾಗಕ್ಕಾಗಿ ಕೈಗವಸು ಕೂಡ ಬಿಚ್ಚದೆ ಓಡಿ ಬಂದಿದ್ದರು. ಕುರ್ಚಿಯಲ್ಲಿ ರೋಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದನಂತೆ. ಅಮ್ಮನಿಗೆ ಆ ದಿನ ನೆಲದ ಮೇಲೆ ಕಾಲಿಲ್ಲ.

ಈಗ ಮಾವನ ಪಾಲಿನ ಕಥೆ ಕೇಳಿ. ಪಕ್ಷಪಾತ ಆಗಬಾರದು ಅಂತ ಅವನು ಕಪಾಟಿನ ಕಡೆ ಮುಖ ಮಾಡಿ ನಿಂತ. ನಾವಿಬ್ಬರೂ ಅವನ ಹಿಂದೆ, ಆ ಗೋಡೆಗೊಬ್ಬಳು ಈ ಗೋಡೆಗೊಬ್ಬಳು, ಬೆನ್ನು ಮಾಡಿಕೊಂಡು ನಿಂತಿದ್ದೆವು. ಅವನು ಟಿಕೆಟ್ ಹರಿದು ಕೊಡುವ ಹಾಗೆ ಕಪಾಟಿನಿಂದ ಒಂದೊಂದೇ ಪುಸ್ತಕ ಎಳೆದು, ಬಲಗೈಯದು ನನ್ನ ಚೀಲಕ್ಕೆ, ಎಡಗೈಯದು ಅಕ್ಕನ ಚೀಲಕ್ಕೆ, ನೋಡದೆ ಹಾಕುತ್ತಾ ಹೋದ. ಕಪಾಟಿನಲ್ಲಿ ಪುಸ್ತಕ ನಿಂತದ್ದು ಹೇಗೆ? ಒಂದು, ಎರಡು, ಒಂದು, ಎರಡು. ಕೊನೆಗೆ ಕೈ ಝಾಡಿಸಿ, "ಯಾರಿಗೂ ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ" ಅಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಮಾರನೇ ದಿನ ಚೀಲ ಬಿಚ್ಚಿ ನೋಡುತ್ತೇನೆ, ಎಲ್ಲವೂ ಮೊದಲನೇ ಭಾಗ. ಅಮ್ಮನ ಅಷ್ಟೂ ಕಾದಂಬರಿಗಳ ಕೊನೆ ಮೇಲಿನ ಮನೆ ಸೇರಿತ್ತು.

ನೆಟ್ಟಗಿರುವ ಜನರಾಗಿದ್ದರೆ ಮೆಟ್ಟಿಲು ಹತ್ತಿ, ನಕ್ಕು, ಅದಲು ಬದಲು ಮಾಡಿಕೊಂಡು ಇಳಿಯುತ್ತಿದ್ದರು. ನಮ್ಮದು ಅಂಥ ವಂಶ ಅಲ್ಲ. ನಾನು ಮಾವನನ್ನು ಮೇಲಕ್ಕೆ ಅಟ್ಟಿದೆ. ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದಳು: "ಪಾಲು ಆಯ್ತು ಅಂದ್ರೆ ಆಯ್ತು. ಬೇಕಿದ್ರೆ ಅವಳೇ ಬಂದು ನನ್ನ ಮುಂದೆ ನಿಂತು ಕೇಳಲಿ."

"ನನ್ನ ಹೆಣ ಕೇಳುತ್ತೆ ಅನ್ನು," ಅಂದೆ ನಾನು. ಮಾವ ಆ ಉತ್ತರ ಹೊತ್ತುಕೊಂಡು ಮೇಲೆ ಹೋಗಲಿಲ್ಲ. ಸೀದಾ ತನ್ನ ಮನೆಗೆ ಹೋದ.

ಜಗಳ ಹುಟ್ಟಿದ್ದು ಆಸ್ಪತ್ರೆಯಲ್ಲಿ. ಅಮ್ಮ ಮಲಗಿದಷ್ಟು ದಿನವೂ ಅಕ್ಕ ರಜೆ ಹಾಕಿ ಅಲ್ಲೇ ಕೂತಿದ್ದಳು. ನೀರಿನ ಬಿಲ್ ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವ ಕೆಲಸ ಅವಳದು. ಕೂರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಾನು ಲೈಬ್ರರಿ ನೋಡಿಕೊಂಡು ಸಂಜೆ ಹೋಗುತ್ತಿದ್ದೆ. ಯಾರು ಯಾವುದರ ಎರಡನೇ ಭಾಗ ಕೇಳಿದರು ಅಂತ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಅದನ್ನು ಕೇಳಿದರೇ ಅವಳ ಮುಖಕ್ಕೆ ರಕ್ತ ಬರುತ್ತಿದ್ದದ್ದು. ಮಣ್ಣು ಮಾಡಿ ಬಂದ ದಿನ, ನೆಂಟರು ತುಂಬಿದ ಕೋಣೆಯಲ್ಲಿ ಅಕ್ಕ ಎದ್ದು ನಿಂತು, "ಇವಳು ಅಮ್ಮನ್ನ ನೋಡಿಕೊಳ್ಳಲಿಲ್ಲ. ಅಮ್ಮನ ಗಿರಾಕಿಗಳನ್ನ ನೋಡಿಕೊಂಡಳು" ಅಂದಳು. ನನಗೆ ಪಿತ್ತ ನೆತ್ತಿಗೇರಿತು. "ನೀನು ನೋಡಿಕೊಂಡಿದ್ದು ಅಮ್ಮನ್ನಲ್ಲ, ಗೋಡೆ ಗಡಿಯಾರನ" ಅಂದೆ. ಅಲ್ಲಿಗೆ ನಮ್ಮ ಮಾತು ಮುಗಿದುಹೋಯಿತು.

ಇನ್ನೊಂದು ವಿಷಯ ಹೇಳಿಬಿಡಬೇಕು. ಊರಿಗೆಲ್ಲ ಪುಸ್ತಕ ಹುಡುಕಿಕೊಟ್ಟ ಅಮ್ಮನಿಗೆ ಅಕ್ಕನ ಪುಸ್ತಕ ಮಾತ್ರ ಸಿಗಲಿಲ್ಲ. ಅವಳು ಫ್ರಾಕ್ ಹಾಕುತ್ತಿದ್ದಾಗಲೇ ಒಂದು ಹಳೇದು ಒಂದು ಹೊಸದು ಕೊಟ್ಟಿದ್ದಳಂತೆ. ಎರಡನೇ ಭಾಗ ಕೇಳಲಿಲ್ಲ. ಇನ್ನೊಂದು ಜೋಡಿ, ಮತ್ತೊಂದು ಜೋಡಿ. ಊಹೂಂ. ಕೊನೆಗೆ ಅಮ್ಮ ಕೈಚೆಲ್ಲಿ, "ನನ್ನ ದೊಡ್ಡವಳಿಗೆ ನಾಲಿಗೆ ಇದೆ, ರುಚಿ ಇಲ್ಲ" ಅಂತ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅಕ್ಕ ಒಳಗೆ ಪಾತ್ರೆ ಕುಕ್ಕುತ್ತಿದ್ದಳು.

ನನಗೆ ಬೇರೆ ಕಸುಬು ಬರುವುದಿಲ್ಲ. ಈ ಲೈಬ್ರರಿ ನಡೆದರೆ ನಾನು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅರ್ಧ ಕಾದಂಬರಿಗಳನ್ನೇ ಕಪಾಟಿನಲ್ಲಿ ಜೋಡಿಸಿ ಬಾಗಿಲು ತೆರೆದೆ. ಮೊದಲ ವಾರ ಜನ ಬಂದರು. ಎರಡನೇ ವಾರ ಅವರೇ ಕಣ್ಣು ಹೊಳೆಸಿಕೊಂಡು ವಾಪಸ್ ಬಂದರು. "ಎರಡನೇ ಭಾಗ?"

"ಮೇಲಿನ ಮನೆಯಲ್ಲಿದೆ," ಅಂತಿದ್ದೆ. ನನ್ನ ಲೆಕ್ಕಾಚಾರ ಏನೆಂದರೆ, ನಾನು ಕೇಳಿದರೆ ತಾನೆ ಕೊಡಲ್ಲ, ಜನ ಕೇಳಿದರೆ ಮುಖದಾಕ್ಷಿಣ್ಯಕ್ಕಾದರೂ ಕೊಡುತ್ತಾಳೆ. ದಾಕ್ಷಿಣ್ಯ! ಅವಳು ಬಾಗಿಲು ಬೆರಳಗಲ ತೆರೆದು, "ಇಲ್ಲಿ ಲೈಬ್ರರಿ ಇಲ್ಲ" ಅಂತ ಮುಖಕ್ಕೆ ಬಡಿಯುತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಒಂದು ದಿನ ಬೇಕರಿಯವಳು ಮೊದಲ ಭಾಗವನ್ನು ಎದೆಗೆ ಒತ್ತಿಕೊಂಡು ಹೊರಗೆ ಹೋದಳು. ಹೋದ ಹಾಗೇ ತಿರುಗಿ ಬಂದಳು, ಕಣ್ಣಲ್ಲಿ ನೀರು.

"ನಿಮ್ಮಕ್ಕ ಅವನನ್ನ ಸಾಯಿಸಿಬಿಟ್ಟರು," ಅಂದಳು.

"ಯಾರನ್ನ?"

"ಇದರಲ್ಲಿ ಬರೋ ದೋಣಿಯವನನ್ನ. ಬಾಲ್ಕನಿಯಿಂದ ಬಗ್ಗಿ ನನ್ನ ಕೈಯಲ್ಲಿರೋ ಪುಸ್ತಕ ನೋಡಿದರು. 'ಸುಮ್ಮನೆ ಯಾಕೆ ಓದ್ತೀಯ, ಆ ದೋಣಿಯವನು ವಾಪಸ್ ಬರಲ್ಲ, ಮುಳುಗ್ತಾನೆ' ಅಂತ ಕೂಗಿ ಹೇಳಿಬಿಟ್ಟರು. ನಾನಿನ್ನೂ ಶುರುನೇ ಮಾಡಿರಲಿಲ್ಲ ಕಣ್ರೀ!"

ಅವತ್ತಿನಿಂದ ಅದೇ ಅವಳ ಉದ್ಯೋಗವಾಯಿತು. ಕಚೇರಿಯಿಂದ ಬಂದವಳೇ ಕುರ್ಚಿ ಎಳೆದುಕೊಂಡು ಬಾಲ್ಕನಿಯಲ್ಲಿ ಕೂರುವುದು, ನನ್ನ ಬಾಗಿಲಿನಿಂದ ಹೊರಟವರ ಕೈ ನೋಡುವುದು, ಕೊನೆ ಹೇಳಿಬಿಡುವುದು. "ಅವಳು ಅವನನ್ನ ಮದುವೆ ಆಗಲ್ಲ!" "ಅಂಗಡಿಗೆ ಬೆಂಕಿ ಇಟ್ಟಿದ್ದು ತಮ್ಮನೇ!" ಬೀದಿಗೆಲ್ಲ ಕೇಳುವ ಹಾಗೆ. ನನ್ನನ್ನು ಉರಿಸಲು ಕೊನೇ ಪುಟ ಮಾತ್ರ ತಿರುವಿ ನೋಡಿಕೊಂಡಿರುತ್ತಾಳೆ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ನಾನೂ ಕೈಕಟ್ಟಿ ಕೂರಲಿಲ್ಲ. ಮೆಟ್ಟಿಲ ಬುಡದಲ್ಲಿ ಒಂದು ಬೋರ್ಡು ತೂಗುಹಾಕಿದೆ: "ಮೇಲೆ ನಾಯಿ ಇದೆ. ಕಚ್ಚುತ್ತದೆ." ಮೇಲೆ ಯಾವ ನಾಯಿಯೂ ಇಲ್ಲ ಅಂತ ಬೀದಿಗೆಲ್ಲ ಗೊತ್ತು. ಹಾಲಿನವನು ಓದಿ ಬಿದ್ದು ಬಿದ್ದು ನಕ್ಕ. ಅಕ್ಕ ಬೋರ್ಡನ್ನು ಮುರಿದು ನನ್ನ ಕಿಟಕಿಯಿಂದ ಒಳಗೆ ಎಸೆದಳು.

ಈ ಮಧ್ಯೆ ನನ್ನ ಲೈಬ್ರರಿ ಬಡವಾಗುತ್ತಾ ಬಂತು. ಕೊನೆ ಇಲ್ಲದ ಪುಸ್ತಕ ಯಾರಿಗೆ ಬೇಕು? ಹಲ್ಲಿನ ಡಾಕ್ಟರು ಕೂಡ ನನ್ನ ಬಾಗಿಲು ದಾಟುವಾಗ ಫೋನ್ ಬಂದವರ ಹಾಗೆ ಕಿವಿಗೆ ಕೈ ಇಟ್ಟುಕೊಂಡು ಹೋಗುತ್ತಿದ್ದರು. ಹೊಸ ಪ್ರತಿಗಳನ್ನು ತರಿಸೋಣ ಅಂದರೆ ಅರ್ಧಕ್ಕರ್ಧ ಹಳೇವು ಈಗ ಎಲ್ಲೂ ಅಚ್ಚಾಗುತ್ತಿಲ್ಲ. ಬೆಳಗ್ಗೆ ಬಾಗಿಲು ತೆರೆದು ಕೂತರೆ ನಾನು, ಕಪಾಟು, ಧೂಳು.

ಆಮೇಲೆ ಒಂದು ಭಾನುವಾರ ಬೆಳಗ್ಗೆ ಮಾವ ಏದುಸಿರು ಬಿಡುತ್ತಾ ಬಂದ. "ನಿಮ್ಮಕ್ಕ ತನ್ನ ಮನೆಯ ಮುಂದಿನ ಕೋಣೆ ಬಾಡಿಗೆಗೆ ಕೊಡ್ತಾಳಂತೆ. ಪುಸ್ತಕವನ್ನೆಲ್ಲ ರದ್ದಿಯವನಿಗೆ ಹಾಕ್ತಾಳಂತೆ. ಈಗಲೇ ಬರ್ತಾನಂತೆ. ಅಲ್ಲಿ ನೋಡು."

ರದ್ದಿಯವನ ಗಾಡಿ ಆಗಲೇ ಗೇಟಿನಲ್ಲಿ ನಿಂತಿತ್ತು. ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ಅವನು ಮೆಟ್ಟಿಲು ಹತ್ತುತ್ತಿದ್ದ. ನನ್ನ ಹೆಣ ಕೇಳುತ್ತೆ ಅಂದಿದ್ದೆನಲ್ಲ, ಆ ಹೆಣ ಎದ್ದು ಓಡಿತು. ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಆ ಅರ್ಧಗಳು ಹೋದರೆ ನನ್ನ ಅರ್ಧಗಳೂ ರದ್ದಿಯೇ, ಅಮ್ಮ ಕಟ್ಟಿದ್ದೆಲ್ಲ ಅಲ್ಲಿಗೆ ಗೋವಿಂದ. ರದ್ದಿಯವನನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ಅಕ್ಕ ಕೋಣೆಯ ನಡುವೆ ನಿಂತು ಚೀಲ ತುಂಬುತ್ತಿದ್ದಳು. ನನ್ನನ್ನು ನೋಡಿ, "ಬಂತು ನೋಡು ಸವಾರಿ," ಅಂದಳು.

"ಏನೇ ಮಾಡ್ತಿದೀಯ? ತಲೆ ಕೆಟ್ಟಿದೆಯಾ? ಅಮ್ಮನ ಪುಸ್ತಕ ಕಣೇ ಅವು!"

"ನನ್ನ ಪಾಲಿನ ಪುಸ್ತಕ. ನನ್ನಿಷ್ಟ."

"ರದ್ದಿಗೆ ಯಾಕೆ ಹಾಕ್ತೀಯ?"

"ನಿನಗೆ ಸಿಗಬಾರದು ಅಂತ," ಅಂದಳು. ಸುತ್ತುಬಳಸು ಇಲ್ಲ. ಅದೊಂದು ಗುಣ ಅವಳಲ್ಲಿ ಯಾವಾಗಲೂ ಇದೆ.

ನಾನು ಒಂದು ಚೀಲ ಹಿಡಿದೆ. ಅವಳು ಅದನ್ನೇ ಹಿಡಿದಳು. ನಾನು ಎಳೆದೆ, ಅವಳೂ ಎಳೆದಳು. ತಲೆ ನರೆತ ಇಬ್ಬರು ಹೆಂಗಸರು ನಲ್ಲಿ ಕಟ್ಟೆಯಲ್ಲಿ ಕೊಡಕ್ಕೆ ಕಿತ್ತಾಡಿದ ಹಾಗೆ. ರದ್ದಿಯವನು "ನೀವು ಮುಗಿಸಿಕೊಳ್ಳಿ ಅಮ್ಮಾ, ನಾನು ಕೆಳಗಿರ್ತೀನಿ" ಅಂತ ಇಳಿದು ಹೋದ. ಚೀಲದ ಹೊಲಿಗೆ ಬಿಚ್ಚಿ ಪುಸ್ತಕಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

ಆರಿಸಲು ಬಗ್ಗಿದವಳು ಹಾಗೇ ನಿಂತೆ. ಎತ್ತಿದ ಪುಸ್ತಕದ ಬೆನ್ನು ಬಾಗಿತ್ತು. ಇನ್ನೊಂದು ಎತ್ತಿದೆ. ಅದರದೂ ಬಾಗಿತ್ತು. ಓದಿದ ಪುಸ್ತಕ ಯಾವುದು, ಓದದ್ದು ಯಾವುದು ಅಂತ ಬೆನ್ನು ನೋಡಿದರೆ ನನಗೆ ತಿಳಿಯುತ್ತದೆ. ಒಂದರೊಳಗೆ ಬಾಚಣಿಗೆ ಇತ್ತು, ಇನ್ನೊಂದರೊಳಗೆ ಬೆಂಕಿಕಡ್ಡಿ. ಒಂದರ ರಟ್ಟಿನ ಮೇಲೆ ಬಿಸಿ ಪಾತ್ರೆ ಇಟ್ಟ ಗುರುತು. ಮಂಚದ ತಲೆಬದಿಯಲ್ಲಿ ಇನ್ನೊಂದು ಸಾಲು. ಒಲೆಯ ಪಕ್ಕದ ಗೂಡಿನಲ್ಲೂ ಎರಡು.

"ಓದಿದೀಯಾ?" ಅಂದೆ.

"ಇಲ್ಲ, ಉಪ್ಪಿನ ಡಬ್ಬಕ್ಕೆ ಮುಚ್ಚಳ ಮಾಡಿಕೊಂಡಿದ್ದೆ," ಅಂದಳು. ಆಮೇಲೆ ಮುಖ ಆಚೆ ತಿರುಗಿಸಿ, "ಎಲ್ಲಾನೂ ಓದಿದೀನಿ. ಮೊದಲು ನಿನ್ನ ಗಿರಾಕಿಗಳ ಹೊಟ್ಟೆ ಉರಿಸೋಣ ಅಂತ ಕೊನೇ ಪುಟ ನೋಡ್ತಿದ್ದೆ. ಆಮೇಲೆ ಅದರ ಹಿಂದಿನ ಪುಟ. ಆಮೇಲೆ ಅದರ ಹಿಂದಿನದು."

"ಚಿಕ್ಕವಳಿದ್ದಾಗ ಮುಟ್ಟುತ್ತಿರಲಿಲ್ಲವಲ್ಲ?"

"ನನಗೆ ಕೊಟ್ಟಿದ್ದೆಲ್ಲ ಶುರು ತಾನೆ? ಶುರುವಿನಲ್ಲಿ ಏನಿರುತ್ತೆ ಮಣ್ಣು? ಬೆಟ್ಟ, ಮೋಡ, ಅವನ ತಾತ ಯಾರು, ಅವಳ ಮೂಗು ಹೇಗಿತ್ತು. ನಡುವಿಂದ ನೋಡು, ಒಬ್ಬರಿಗೊಬ್ಬರು ಬಾಯಿಗೆ ಬಂದ ಹಾಗೆ ಬೈದುಕೊಳ್ತಿರ್ತಾರೆ. ಯಾರು ಏನು ಅಂತ ಬೈಗುಳದಲ್ಲೇ ಗೊತ್ತಾಗುತ್ತೆ." ಅವಳು ಚೆಲ್ಲಿದ ಪುಸ್ತಕಗಳನ್ನು ಕಾಲಿನಿಂದ ಒಂದು ಕಡೆ ಸರಿಸಿದಳು. "ಒಂದೇ ಒಂದು ಸಲ ಎರಡನೇ ಭಾಗ ನನ್ನ ಕೈಗೆ ಕೊಟ್ಟು ನೋಡಬಹುದಿತ್ತು ಅಮ್ಮ."

ಉತ್ತರ ತಿಳಿಯದಿದ್ದಾಗ ನನಗೆ ಸಿಟ್ಟು ಬರುತ್ತದೆ. "ಈಗ ಕಥೆ ಬೇಡ. ಪುಸ್ತಕ ಕೊಡ್ತೀಯೋ ಇಲ್ಲವೋ?"

"ಒಂದು ಮಾತು ಹೇಳು. ಹೇಳಿ ಎಲ್ಲ ಹೊತ್ಕೊಂಡು ಹೋಗು. ರದ್ದಿಯವನನ್ನ ವಾಪಸ್ ಕಳಿಸ್ತೀನಿ."

"ಏನು?"

ಅಕ್ಕ ಮಂಚದ ತುದಿಯಲ್ಲಿ ಕೂತಳು. ಕೌಂಟರಿನ ಹಿಂದೆ ಕೂರುವ ಹಾಗೆ, ನೆಟ್ಟಗೆ. "ಆಸ್ಪತ್ರೆಯಲ್ಲಿ ಅಮ್ಮ ಎಲ್ಲರಿಗೂ ಇಂಥದ್ದು ಓದು ಅಂತ ಪುಸ್ತಕ ಹೇಳಿದಳು. ನರ್ಸಿಗೆ ಹೇಳಿದಳು. ನೆಲ ಒರೆಸೋಳಿಗೆ ಹೇಳಿದಳು. ಪಕ್ಕದ ಹಾಸಿಗೆಯವಳಿಗೆ ಆಕ್ಸಿಜನ್ ಹಾಕಿದ್ದರು, ಅವಳಿಗೂ ಹೇಳಿದಳು. ನೀನು ಸಂಜೆ ಬಂದರೆ ನನ್ನನ್ನ ಹೊರಗೆ ಕಳಿಸಿ ನಿನ್ನ ಜೊತೆ ಪಿಸಿಪಿಸಿ. ಅದರಲ್ಲಿ ಯಾವತ್ತಾದರೂ, ದೊಡ್ಡವಳಿಗೆ ಇಂಥ ಪುಸ್ತಕ ಕೊಡು, ಅವಳಿಗೆ ಹಿಡಿಸುತ್ತೆ ಅಂತ ಹೇಳಿದಳಾ?"

ಒಂದು ಸುಳ್ಳು ಸಾಕಿತ್ತು. ನೆಲದ ಮೇಲೆ ಬಿದ್ದಿದ್ದರಲ್ಲಿ ಯಾವುದನ್ನು ಬೇಕಾದರೂ ಎತ್ತಿ, ಇದನ್ನೇ ಹೇಳಿದಳು ಕಣೇ ಅನ್ನಬಹುದಿತ್ತು. ಲೈಬ್ರರಿ ಉಳಿಯುತ್ತಿತ್ತು, ಅವಳಿಗೂ ಹಿತವಾಗುತ್ತಿತ್ತು. ಬಾಯಿ ತೆರೆದೆ. ಆದರೆ ಬಾಲ್ಕನಿಯ ಕೂಗಾಟ ನೆನಪಾಯಿತು, ನೆಂಟರ ಮುಂದೆ ನನ್ನ ಜನ್ಮ ಜಾಲಾಡಿದ್ದು ನೆನಪಾಯಿತು, ನಿನಗೆ ಸಿಗಬಾರದು ಅಂತ ಅಂದ ಆ ಮುಖ ಎದುರಿಗೇ ಇತ್ತು. ನಿಜ ಹೇಳಿದರೆ ಅವಳಿಗೆ ಹೆಚ್ಚು ನೋಯುತ್ತದೆ. ಆ ಗಳಿಗೆಯಲ್ಲಿ ನನಗೆ ಅಮ್ಮನ ಪುಸ್ತಕಗಳಿಗಿಂತ ಅದೇ ಬೇಕಾಗಿತ್ತು.

"ಇಲ್ಲ," ಅಂದೆ. "ಒಂದು ದಿನವೂ ನಿನ್ನ ಹೆಸರೇ ಎತ್ತಲಿಲ್ಲ."

ಅವಳು ಕಿರುಚುತ್ತಾಳೆ, ಏನಾದರೂ ಎತ್ತಿ ನನ್ನ ಮೇಲೆ ಎಸೆಯುತ್ತಾಳೆ ಅಂದುಕೊಂಡು ಒಂದು ಹೆಜ್ಜೆ ಹಿಂದೆ ಇಟ್ಟೆ. ಅವಳು ತಲೆ ಆಡಿಸಿದಳು, ಅಷ್ಟೇ.

"ನನ್ನ ಹತ್ತಿರ ಹೇಳೋಕೆ ಸಂಕೋಚ, ನಿನ್ನ ಹತ್ತಿರ ಹೇಳಿರಬಹುದು ಅಂದುಕೊಂಡಿದ್ದೆ," ಅಂದಳು. "ನಾನೇ ಕೇಳಿದ್ದೆ ಕಣೇ ಅವಳನ್ನ. ಕೊನೇ ವಾರ. 'ಅಮ್ಮಾ, ಇಲ್ಲಿ ಕೂತು ಕೂತು ಸಾಕಾಗಿದೆ, ನನಗೂ ಒಂದು ಪುಸ್ತಕ ಹೇಳೇ' ಅಂದೆ. ನನ್ನ ಕಡೆ ನೋಡಲೂ ಇಲ್ಲ. 'ನಿನಗ್ಯಾಕೆ ಈಗ ಅದೆಲ್ಲ, ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು ಬಾ' ಅಂದಳು."

"ನೀನೇನು ಮಾಡಿದೆ?"

"ತುಂಬಿಸಿಕೊಂಡು ಬಂದೆ."

ಕೆಳಗೆ ಮಾವ ರದ್ದಿಯವನ ಹತ್ತಿರ ಬಸ್ಸಿನ ಹಳೇ ಪುರಾಣ ಬಿಚ್ಚಿದ್ದು ಕೇಳಿಸುತ್ತಿತ್ತು. ಅಕ್ಕ ಎದ್ದು ಬಾಲ್ಕನಿಗೆ ಹೋಗಿ, "ಏನಪ್ಪಾ, ಬೇಡ, ನೀನು ಹೋಗು!" ಅಂತ ಕೂಗಿದಳು. ಅವನು ಏನೋ ಗೊಣಗಿದ. ಗಾಡಿ ಹೊರಟ ಸದ್ದಾಯಿತು.

"ಹೇಳಿದೆಯಲ್ಲ," ಅಂದಳು ಒಳಗೆ ಬಂದು. "ಎತ್ಕೊಂಡು ಹಾಳಾಗಿ ಹೋಗು."

ಗೆದ್ದಿದ್ದೆ. ಬೇಕಾದದ್ದು ಕೈಗೆ ಸಿಕ್ಕಿತ್ತು. ಆದರೆ ನನಗೆ ಒಮ್ಮೆಗೇ ಅಮ್ಮನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಅವಳು ಬದುಕಿದ್ದರೆ ಹೋಗಿ ಕಪಾಟನ್ನೇ ಕೆಡವಿಬಿಡುತ್ತಿದ್ದೆ. ನೆಲ ಒರೆಸುವವಳಿಗೆ ಹಳೇದು ಹಿಡಿಸುತ್ತದೋ ಹೊಸದು ಹಿಡಿಸುತ್ತದೋ ಅಂತ ನನ್ನ ಜೊತೆ ಅಷ್ಟು ಹೊತ್ತು ಚರ್ಚೆ ಮಾಡಿದ್ದಳು. ಬಾಗಿಲ ಆಚೆ ಫ್ಲಾಸ್ಕ್ ಹಿಡಿದುಕೊಂಡು ನಿಂತವಳು ಅವಳ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ. ನಾನು ಚೀಲ ಎತ್ತದೆ ನೆಲದ ಮೇಲೆ ಕೂತೆ.

"ಯಾವುದು ಹಿಡಿಸಿತು?" ಅಂದೆ.

"ನಿನಗ್ಯಾಕೆ?"

"ಹೇಳೇ ಅಂದ್ರೆ."

"ಯಾವುದೂ ಇಲ್ಲ."

"ಅಕ್ಕಾ."

ಅವಳು ದಿಂಬಿನ ಕೆಳಗಿನಿಂದ ಒಂದು ತೆಗೆದಳು. ಹೊಸ ಕಾದಂಬರಿ, ಸಣ್ಣದು. ಅಡುಗೆಯವಳೊಬ್ಬಳು ದೊಡ್ಡ ಮನೆಯ ಕೀಲಿಕೈಗಳನ್ನೆಲ್ಲ ಬಾವಿಗೆ ಎಸೆದು ಹೋಗಿಬಿಡುವ ಕಥೆ. "ಇದು," ಅಂದಳು. "ಎರಡು ಸಲ ಓದಿದೆ. ಅವಳಿಗೆ ಅಷ್ಟು ಸಿಟ್ಟು ಬರೋಕೆ ಮೊದಲು ಏನು ನಡೆದಿತ್ತು ಅಂತ ಗೊತ್ತಾಗಲಿಲ್ಲ."

"ಥೂ, ಅದಾ? ಅಮ್ಮನಿಗೆ ಅದನ್ನ ಕಂಡರೆ ಆಗ್ತಿರಲಿಲ್ಲ. ಅಡುಗೆಯವಳಿಗೆ ಅಷ್ಟು ಕೊಬ್ಬು ಯಾಕೆ ಅಂತಿದ್ದಳು. ಯಾರಿಗೂ ಕೊಡ್ತಿರಲಿಲ್ಲ."

"ಹೌದಾ?" ಅಂದಳು ಅಕ್ಕ. ಅವಳ ಬಾಯಿಯ ಒಂದು ತುದಿ ಮೇಲೆ ಹೋಯಿತು. ಎಷ್ಟು ವರ್ಷದ ಮೇಲೋ ಏನೋ, ನಗುತ್ತಿದ್ದಳು. "ಹಾಗಾದರೆ ಸರಿಯಾಗೇ ಹಿಡಿಸಿದೆ ಬಿಡು."

ನನಗೂ ನಗು ಬಂತು. ನಗುತ್ತಾ ನಗುತ್ತಾ ಅದೆಲ್ಲೋ ಅಳುವಾಯಿತು. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಮೂಗು ಒರೆಸಿಕೊಳ್ಳಲು ಒಲೆ ಒರೆಸುವ ಬಟ್ಟೆ ಎಸೆದಳು.

ಚೀಲಗಳನ್ನು ಒಂದೊಂದಾಗಿ ಬಾಗಿಲ ತನಕ ಎಳೆದೆ. ಅವಳು ಕೈ ಹಾಕಲಿಲ್ಲ. ದಿಂಬಿನ ಕೆಳಗಿನದನ್ನು ನಾನು ಕೇಳಲಿಲ್ಲ, ಅವಳು ಕೊಡಲೂ ಇಲ್ಲ. ಹೊಸ್ತಿಲು ದಾಟಿ ತಿರುಗಿ ನೋಡಿದರೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅದರ ಮೊದಲನೇ ಭಾಗ ನನ್ನ ಹತ್ತಿರ ಇದೆ," ಅಂದೆ. "ತಂದುಕೊಡ್ತೀನಿ."

"ನೀನೇನೂ ತರಬೇಡ," ಅಂದಳು ಅಕ್ಕ. "ನಾನೇ ಬರ್ತೀನಿ. ಎಲ್ಲರಿಗೂ ಕೊಡೋ ಹಾಗೆ ಕೌಂಟರಿನಲ್ಲಿ ಕೊಡು." ಅಂದವಳೇ ಎದ್ದು ಬಂದು ನನ್ನ ಮುಖಕ್ಕೆ ಬಾಗಿಲು ಹಾಕಿಕೊಂಡಳು.